ಬೈಲಹೊಂಗಲದಾಗ ಇಟ್ಟ ನಕಲು

ರಾಮದುರ್ಗದ ಭರಮಪ್ಪ ತೂತು ಹೊಡದು ಹೊಟ್ಟಿ ಹೊರಕೊಂಡ ಮನಷ್ಯಾ. ನಗಬ್ಯಾಡ್ರಿ, ಖರೇನ ಅಂವನ ಕೆಲಸ ಹಂಗ ಇತ್ತು. ಜಕಾರ್ಡ ಮಗ್ಗದ ಮ್ಯಾಲ ರಟ್ಟಿನ ಪಟ್ಟಿಗಳ ಒಂದು ಉದ್ದನ್ನ ಮಾಲಿ ತೂಗತಿರತೈತಿ. ಆ ಪಟ್ಟ್ಯಾಗಿನ ತೂತಿನ ಪ್ರಕಾರ ಮಗ್ಗ ಒಂದು ಎಳಿ ಎತ್ತತೈತಿ, ಒಂದು ಬಿಡತೈತಿ. ತೂತು ಒಂದು ಜಾಗಾ ತಪ್ಪಿದ್ರ ಸೀರಿ ದಡ್ಯಾಗ ಹೂವಿಗೆ ದಳ ಇಲ್ಲ, ಬಳ್ಳಿಗೆ ಎಲಿ ಇಲ್ಲ.

ಭರಮಪ್ಪ ಚೌಕಳಿ ಕಾಗದದ ಮ್ಯಾಲ ಚಿತ್ತಾರ ಬರೀತಿದ್ದ. ಆಮ್ಯಾಲ ಕಬ್ಬಿಣದ ಅಚ್ಚಿನ್ಯಾಗ ಪಟ್ಟಿ ಸಿಗಿಸಿ, ಒಂದೊಂದ ಸಾಲು ಜೋರಾಗಿ ಓದಿಕೋತ ಉಳಿಲೆ ಬಡೀತಿದ್ದ. "ಎರಡು ಬಿಡು, ಮೂರು ಹೊಡಿ. ನಾಕು ಬಿಡು, ಒಂದು ಹೊಡಿ." ದಿನಾ ಮುಂಜಾನಿಂದ ಸಂಜೀತನಾ ಇದ ರಾಗ. ಹೊಡದ ಪಟ್ಟಿಗಳನ್ನ ನಂಬರ್ ಪ್ರಕಾರ ಜೋಡಿಸಿ, ದಾರ ಹಾಕಿ ಮಾಲಿ ಹೊಲಿಯಾಕಿ ಅಂವನ ಹೇಂತಿ ಕಾಡವ್ವ. ಆಕಿ ಎಡಚಿ, ಹಂಗಾಗಿ ಆಕಿ ಹಾಕಿದ ಗಂಟು ಎಡಕ್ಕ ಹೊರಳತಿತ್ತು. ಪಗಾರ ಭರಮಪ್ಪನ ಹೆಸರಿಲೆ ಬರತಿತ್ತು. ಕಾಡವ್ವನ ಕೆಲಸ ಕಸಾ ಹೊಡಿಯೂದು, ರೊಟ್ಟಿ ಬಡಿಯೂದರ ಜೋಡಿ ಸೇರಿ ಹೋಗಿತ್ತು.

ಕೆಲಸ ಕೊಟ್ಟಾವ್ರು ವೀರಪ್ಪ ಸಾವಕಾರ್ರು. ರಾಮದುರ್ಗದಾಗ ನಲವತ್ತು ಮಗ್ಗ, ಸುರೇಬಾನದಾಗ ಇಪ್ಪತ್ತು. ದೊಡ್ಡ ಮಿಲ್ಲೂ ಅಲ್ಲ, ಸಣ್ಣ ಅಂಗಡೀನೂ ಅಲ್ಲ, ನಡುವಿನ ಧಂದೆ. ಆ ಅರವತ್ತು ಮಗ್ಗಕ್ಕೂ ಭರಮಪ್ಪ ಒಬ್ಬನ ಚಿತ್ತಾರ. ಇಪ್ಪತ್ತು ವರ್ಷದಾಗ ಮೂವತ್ತೆಂಟು ಚಿತ್ತಾರ ಮಾಡಿದ್ದ. ಸುತ್ತ ನಾಕು ತಾಲೂಕಿನಾಗ ಪಟ್ಟಿ ಹೊಡಿಯಾಂವ ಇನ್ನೊಬ್ಬ ಇದ್ದಿಲ್ಲ. ಅದರ ಗರ್ವ ಅಂವಗ ಇತ್ತು, ಇರಬೇಕಾದ್ದ ಬಿಡ್ರಿ.

ಎಪ್ಪತ್ಮೂರನೇ ಇಸ್ವಿ ಬ್ಯಾಸಿಗ್ಯಾಗ ಬಾಜೂ ಹಿತ್ತಲದ ಬಣವಿಗೆ ಬೆಂಕಿ ಹತ್ತಿ, ಕಿಡಿ ಹಾರಿ ಪಟ್ಟಿ ಇಡೋ ಖೋಲಿಗೆ ಬಿತ್ತು. ರಟ್ಟು ಏನು ಕೇಳತೀರಿ, ಕೊಡಾ ತರೂದರೊಳಗ ಬೂದಿ. ಐದು ಚಿತ್ತಾರ ಪೂರಾ ಹೋದವು, ಅವುಗಳ ಕಾಗದನೂ ಹೋದವು. ಹದಿನೆಂಟು ಮಗ್ಗ ಮೂರು ತಿಂಗಳ ನಿಂತವು. ನೇಕಾರರು ಮುಂಜಾನೆದ್ದು ಬಂದು ಸಾವಕಾರ್ರ ಕಟ್ಟಿ ಮುಂದ ಸುಮ್ಮನ ಕುಂತು, ಬಿಸಿಲೇರಿದ ಮ್ಯಾಲ ಎದ್ದು ಹೋಗತಿದ್ರು. ಭರಮಪ್ಪ ಮಾರಿದ್ದ ಸೀರಿ ವಾಪಸ್ ಬೇಡಿ ತಂದು, ಭೂತಗನ್ನಡಿ ಹಿಡಕೊಂಡು ಎಳಿ ಎಣಿಸಿ ಎಣಿಸಿ ಐದೂ ಚಿತ್ತಾರ ಮತ್ತ ಬರದ. ಕಣ್ಣು ಕೆಂಪಗಾಗಿ ನೀರು ಸೋರತಿದ್ವು.

"ಹಿಂಗಾಗಬಾರದು ಭರಮ್ಯಾ," ಅಂದ್ರು ವೀರಪ್ಪ. "ಎಲ್ಲಾದ್ದಕ್ಕೂ ಒಂದು ನಕಲು ಮಾಡಿ ಬ್ಯಾರೆ ಊರಾಗ ಇಡೂಣು. ಹೆಂಗ ಇಡೋದು, ಎಲ್ಲೆ ಇಡೋದು, ನೀನ ಹೇಳು."

ಮೂರು ದಿನ ಇದ ಮಾತು. ಸಾವಕಾರ್ರು ಪಡಸಾಲ್ಯಾಗ ಲೋಡಿಗೆ ಒರಗಿ, ಭರಮಪ್ಪ ಹೊರಗ ಕಟ್ಟಿ ಮ್ಯಾಲ, ನಡುವ ಹೊಸ್ತಲಾ.

"ಕಾಗದ ಅಷ್ಟ ಸುರಳಿ ಸುತ್ತಿ ಬೈಲಹೊಂಗಲದ ಬ್ಯಾಂಕಿನ ಪೆಟಗ್ಯಾಗ ಇಟ್ರ ಹೆಂಗ?" ಅಂದ್ರು ವೀರಪ್ಪ. "ಸಣ್ಣ ಜಾಗಾ ಸಾಕು."

"ಕಾಗದ ಉಳೀತಾವ್ರಿ. ಆದ್ರ ನಾಳೆ ನಾ ಸತ್ರ ಓದಾವ್ರು ಯಾರು? ನನ್ನ ಗುರ್ತು ನನಗ ಗೊತ್ತು. ಮತ್ತ ಕಾಗದದಿಂದ ಪಟ್ಟಿ ಹೊಡೀಬೇಕಂದ್ರ ಒಂದು ಚಿತ್ತಾರಕ್ಕ ಹತ್ತು ದಿನ. ಮೂವತ್ತೆಂಟಕ್ಕ ಲೆಕ್ಕಾ ಹಾಕ್ರಿ, ಅಷ್ಟು ದಿನ ಮಗ್ಗ ನಿಂದರತಾವೇನು?"

"ಹಂಗಾರ ಒಂದೊಂದು ಗೇಣು ಬಟ್ಟಿ ನೇಯ್ದು ನಮೂನೆ ಇಡೂಣು."

"ಬಟ್ಟಿ ಎಣಿಸೋ ಸುಖಾ ಈ ಬ್ಯಾಸಿಗ್ಯಾಗ ನೋಡಿದೆನಲ್ರಿ," ಅಂದ ಭರಮಪ್ಪ, ಕಣ್ಣು ಒರಸಿಕೋತ.

ಕಡೀಗೆ ಉಳದದ್ದು ಒಂದ ದಾರಿ. ಪಟ್ಟಿಗೆ ಪಟ್ಟಿನ ನಕಲು ಮಾಡಬೇಕು. ಹಳೇ ಪಟ್ಟಿ ಅಚ್ಚಿನ ಮ್ಯಾಲ ಇಟ್ಟು ಅದರ ತೂತಿನೊಳಗಿಂದನ ಹೊಸಾದಕ್ಕ ಹೊಡದ್ರ ತಪ್ಪೂ ಆಗೂದಿಲ್ಲ, ಬೇಕಾದಾಗ ನೇರ ಮಗ್ಗಕ್ಕ ಏರಸಬಹುದು. ಭಾರ ಆಗತೈತಿ, ಜಾಗಾ ತಿಂತೈತಿ, ಇಲಿ ಕಾಟ ಬ್ಯಾರೆ. ಆದ್ರೂ ಅದ ಖರೇ ನಕಲು ಅಂತ ಇಬ್ಬರೂ ಒಪ್ಪಿದ್ರು.

ಇನ್ನ ಊರು. ಸುರೇಬಾನ ಕೂಗಳತೀ ದೂರ, ಬ್ಯಾಡ. ಸವದತ್ತ್ಯಾಗ ಸಾವಕಾರ್ರ ಗುರ್ತಿನವರ ಗೋದಾಮು ಇತ್ತು, ಅದರ ತುಂಬ ಕಾಳು, ಕಾಳಿನ ತುಂಬ ಇಲಿ. ಕಿತ್ತೂರಾಗ ಅವರ ಕಾಕಾನ ವಾಡೇ ಇತ್ತು. ಮಳಿಗಾಲದಾಗ ಅದು ಹೊರಗಿಗಿಂತ ಒಳಗ ಹೆಚ್ಚು ಸೋರತಿತ್ತು. ಬೈಲಹೊಂಗಲದಾಗ ವೀರಪ್ಪನವರ ತಂಗಿ ಗುರುಬಸವ್ವನ ಮನಿ, ಕಲ್ಲಿನ ಗ್ವಾಡಿ, ಗಟ್ಟಿ ಮಾಳಗಿ. ಆಕಿ ಗಂಡ ಪರಪ್ಪಗೂ ಬಟ್ಟಿ ವ್ಯಾಪಾರದ ತಿಳುವಳಿಕಿ ಇತ್ತು. ಅಲ್ಲೇ ಇಡೂದು ಅಂತಾತು.

ಆ ಮನ್ಯಾಗ ಎಲ್ಲೆ ಇಡಬೇಕು ಅನ್ನೂದರಾಗ ಮಾತ್ರ ಎಲ್ಲಾರೂ ಕೂಡಿ ಎಡವಿದ್ರು ನೋಡ್ರಿ. ಒಳಗಿನ ಕ್ವಾಣ್ಯಾಗ ದೇವರ ಪೆಟಗಿ ಬಾಜೂ ಇಟ್ಟಿದ್ರ ಯಾರ ಕೈಯೂ ಮುಟ್ಟತಿದ್ದಿಲ್ಲ. ಆದ್ರ ವರ್ಷಕ್ಕೊಮ್ಮೆ ಪಟ್ಟಿ ಬಿಸಿಲಿಗೆ ಹಾಕಿ, ಬೇವಿನ ಎಲಿ ಬದಲಾಯಿಸಿ, ಎಣಿಸಿ ನೋಡಾಕ ಭರಮಪ್ಪ ಬರಬೇಕು. ಭರಮಪ್ಪ ಆ ಮನಿ ಒಳಗ ಬರಾಂಗಿಲ್ಲ. ಅದನ್ನ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹಂಗಾಗಿ ಟ್ರಂಕ ಓಣಿಗೆ ಬಾಗಲಾ ಇದ್ದ ಹೊರಗಿನ ಖೋಲ್ಯಾಗ ಬಂತು, ನೇಗಲಾ ಹಗ್ಗದ ಬಾಜೂಕ.

ಭರಮಪ್ಪಗೂ ಒಳಗೊಳಗ ಒಂದು ಅಂಜಿಕಿ ಇತ್ತು. ಪಟ್ಟಿ ಅಂದ್ರ ಪೂರಾ ತಯಾರಾದ ಅಡಗಿ. ಯಾರ ಕೈಗೆ ಸಿಕ್ಕರೂ ಮಗ್ಗಕ್ಕ ಏರಿಸಿ ನಾಳಿಂದನ ಸೀರಿ ಇಳಸಬಹುದು. ಆಗ ರಾಮದುರ್ಗದ ಮಗ್ಗದ ಗತಿ ಏನು, ಹತ್ತು ದಿನಕ್ಕ ಒಂದು ಚಿತ್ತಾರ ಹೊಡಿಯೋ ಭರಮಪ್ಪನ ಗತಿ ಏನು? ಅಂವ ಅದನ್ನ ನೇರ ಹೇಳಿದ. ಟ್ರಂಕಿಗೆ ಎರಡು ಕೀಲಿ ಹಾಕೂಣು, ಒಂದರ ಚಾವಿ ನಿಮ್ಮ ಕಡೆ, ಒಂದರದು ನನ್ನ ಕಡೆ ಅಂದ. ವೀರಪ್ಪ ನಕ್ರು. ನಕ್ಕು ಹೂಂ ಅಂದು, ಕೊರಳಾಗಿನ ಲಿಂಗ ಮುಟ್ಟಿ ಅಂದ್ರು:

"ಇಲ್ಲಿದ್ದದ್ದು ಸುಟ್ಟು ಬೂದಿ ಆದ್ರಷ್ಟ ಅಲ್ಲಿದ್ದದ್ದು ತಗಿಯೂದು. ತಗಿಯೂ ದಿನ ನೀ ಬಾಜೂಕ ಇರಬೇಕು. ಸಾಕೇನು?"

ಲಿಂಗ ಮುಟ್ಟಿದ ಮ್ಯಾಲ ಇನ್ನೇನು ಬೇಕು. ಗಂಡ-ಹೇಂತಿ ಐದು ತಿಂಗಳು ದುಡದ್ರು. ಅಂವ ಬಡದ, ಆಕಿ ಹೊಲದಳು. ಒಂಬತ್ತು ಸಾವಿರಕ್ಕ ಮೀರಿ ಪಟ್ಟಿ. ಬಸ್ಸಿನ ಮ್ಯಾಲ ಟ್ರಂಕ ಏರಿಸಿ, ಸವದತ್ತ್ಯಾಗ ಬಸ್ ಬದಲಿ ಮಾಡಿ, ಭರಮಪ್ಪ ಖುದ್ದ ಬೈಲಹೊಂಗಲಕ್ಕ ಮುಟ್ಟಿಸಿ ಬಂದ. ಚಾವಿ ಉಡದಾರಕ್ಕ ಕಟಗೊಂಡ.

ಎಪ್ಪತ್ನಾಕರಾಗ ದೀಪಾವಳಿ ಆದ ಮ್ಯಾಲ ಹೋಗಿ ನೋಡಿದ, ಎಲ್ಲಾ ಸರಿ. ಎಪ್ಪತ್ತೈದರಾಗ ಹೋದ, ಎಲ್ಲಾ ಸರಿ. ಗುರುಬಸವ್ವ ಹೊರಗಿನ ಕಟ್ಟಿ ಮ್ಯಾಲ ಗಾಜಿನ ಗಲಾಸಿನ್ಯಾಗ ಚಾ ಇಡತಿದ್ಲು, ಅಂವ ಕುಡದು, ತೊಳದು, ಕಟ್ಟಿ ಮ್ಯಾಲ ಬೋರಲು ಇಟ್ಟು ಬರತಿದ್ದ. ಎಪ್ಪತ್ತಾರರಾಗ ಮೂರನೇ ಸಲ ಹೋದ.

ವೀರಪ್ಪನವರು ಕೊಟ್ಟ ಚಾವಿ ಹಾಕಿದ, ತನ್ನ ಚಾವಿ ಹಾಕಿದ. ಎರಡೂ ಕೀಲಿ ಬಿಗಿಯಾಗಿನ ಇದ್ದವು. ಮುಚ್ಚಳ ಎತ್ತಿ ಮೊದಲನೇ ಮಾಲಿ ಕೈಗೆ ತಗೊಂಡ. ರಟ್ಟು ಒಂಚೂರು ಹೊಲಸಾಗಿತ್ತು. ಎರಡನೇದು ತಗೊಂಡ. ಮಗ್ಗ ಕಾಣದ ಪಟ್ಟಿ ತೂತಿನ ಅಂಚು ಹಸಿ ರಟ್ಟಿನ ಬಣ್ಣ ಇರತಾವ. ಇವು ಕರ್ರಗ ಮಿಂಚತಿದ್ದವು. ಮಗ್ಗದ ಸೂಜಿ ಸಾವಿರ ಸಲ ಹೊಕ್ಕು ಹೊಂಟ ತೂತು ಮಿಂಚಿದಂಗ. ಮೂಸಿ ನೋಡಿದ, ಮಶೀನ್ ಎಣ್ಣಿ ವಾಸನಿ. ಹನ್ನೊಂದು ಚಿತ್ತಾರ ಹಂಗ ಆಗಿದ್ದವು.

ಟ್ರಂಕಿನ ಹಿಂದ ಬಗ್ಗಿ ನೋಡಿದ. ಬಿಜಾಗ್ರಿಗೆ ಹೊಸಾ ಮೊಳಿ. ಮುಂದಿನ ಎರಡು ಕೀಲಿ ಹಂಗ ಬಿಟ್ಟು ಹಿಂದಿಂದ ಮುಚ್ಚಳ ಕಳಚಿದ್ರು. ಭರಮಪ್ಪಗ ಮೊದಲ ನಗು ಬಂತು, ತನ್ನ ಮ್ಯಾಲ. ಮೂರು ವರ್ಷ ನಡಕ್ಕ ಚುಚ್ಚಿಸಿಕೋತ ಚಾವಿ ಕಾದಿದ್ನಲ್ಲ ಅಂತ.

ಮತ್ತ ದಾರ ನೋಡಿದ. ಅಂವ ಕಳಿಸಿದ್ದು ಎರಡೆಳಿ ದಾರ. ಆ ಹನ್ನೊಂದಕ್ಕ ಇದ್ದದ್ದು ನಾಕೆಳಿ ಹೊಸಾ ದಾರ. ಬಿಚ್ಚಿ, ಮತ್ತ ಹೊಲದಿದ್ರು. ಗಂಟು ಎಲ್ಲಾ ಎಡಕ್ಕ ಹೊರಳಿದ್ದವು.

ಅಂವ ಒಂದು ತಾಸು ಅಲ್ಲೇ ಕುಂತ. ಗಂಟು ಒಂದೊಂದ ಮುಟ್ಟಿ ನೋಡಿದ. ಯಾರರೆ ಹಳೇ ಗಂಟು ನೋಡಿ ಹಂಗ ಹಾಕ್ಯಾರು, ಜಗತ್ತಿನಾಗ ಎಡಚರು ಒಬ್ಬರ ಅದಾರೇನು ಅಂತ ತನಗ ತಾನ ಹೇಳಿಕೊಂಡ. ಹೊರಗ ಗುರುಬಸವ್ವ ಚಾ ಇಟ್ಟು ಹೋದಳು. ಅಂವ ಕುಡೀಲಿಲ್ಲ. ಪರಪ್ಪನ ಮಾರಿ ನೋಡಲಿಲ್ಲ. ಮೊದಲ ಸಿಕ್ಕ ಬಸ್ ಹಿಡದ.

ಬಸ್ಸಿನ್ಯಾಗ ಅಂವ ಕಳ್ಳ ಪರಪ್ಪನ ಅಂತ ತೀರ್ಮಾನ ಮಾಡಿದ. ಪಾಪ, ಸಾವಕಾರ್ರಿಗೆ ಮೋಸ ಆಗೇತಿ, ತಂಗಿ ಗಂಡನ ಬೇಲಿ ಆಗಿ ಹೊಲಾ ಮೇಯ್ದಾನ, ಹೆಂಗ ಹೇಳೂದು ಅಂತ ಅಂವಗ ಅದ ಚಿಂತಿ. ಎಂಥಾ ಮನಷ್ಯಾ ನೋಡ್ರಿ. ತನ್ನ ಕುತ್ತಿಗಿನ ಕೊಯ್ದಿದ್ರು, ಅಂವ ಇನ್ನೊಬ್ಬರ ಗಾಯಕ್ಕ ಅರಿಷಿಣಾ ಹುಡಕಾಕ ಹತ್ತಿದ್ದ.

ರಾಮದುರ್ಗದಾಗ ಇಳದಾಂವ ಮನಿಗೂ ಹೋಗದ ಸಾವಕಾರ್ರ ಕಟ್ಟಿಗೆ ಬಂದ. ಎಲ್ಲಾ ಹೇಳಿದ. ಎಣ್ಣಿ, ಬಿಜಾಗ್ರಿ, ನಾಕೆಳಿ ದಾರ. ಗಂಟಿನ ಮಾತು ಮಾತ್ರ ಆಡಲಿಲ್ಲ. ವೀರಪ್ಪ ಕೇಳಿ ಮುಗಿಸಿ ಎಲಿಗೆ ಸುಣ್ಣ ಹಚ್ಚಿದ್ರು.

"ಕಳುವಲ್ಲ ಬಿಡೋ ಅದು," ಅಂದ್ರು. "ನಂದು ನಾ ತಗೊಂಡೇನಿ."

ಭರಮಪ್ಪಗ ತಿಳೀಲಿಲ್ಲ.

"ಪರಪ್ಪನ ಜೋಡಿ ಅಲ್ಲೆ ಪಾವರ್‌ಲೂಮ್ ಹಾಕೇನಿ, ಎಂಟು. ಇಲ್ಲಿ ನಾಕು ದಿನದಾಗ ಇಳಿಯೂ ಸೀರಿ ಅಲ್ಲೆ ಅರ್ಧಾ ದಿನದಾಗ ಇಳೀತೈತಿ. ಪಟ್ಟಿ ಹೊಡಿಯಾಂವ ನೀ ಒಬ್ಬನ, ನಿನ್ನ ಕೇಳಿದ್ರ ಹೊಡಿತಿದ್ದೇನು? ಅದಕ್ಕ ಟ್ರಂಕಿನಾಗಿನವ ತಗಿಸಿದೆ. ದೀಪಾವಳಿ ಸೂಟಿಗೆ ಮಗ್ಗ ನಿಂತಿದ್ದವು, ನೀ ಬರತಿ ಅಂತ ಇಳಿಸಿ ಒಳಗ ಇಡಸಿದ್ದೆ."

"ಬೂದಿ ಆದ್ರಷ್ಟ ಅಂದಿದ್ರಿ," ಅಂದ ಭರಮಪ್ಪ. "ಲಿಂಗ ಮುಟ್ಟಿ ಅಂದಿದ್ರಿ."

"ಅಂದಿದ್ದೆ." ವೀರಪ್ಪ ಎಲಿ ಮಡಚಿ ಬಾಯಾಗ ಇಟಗೊಂಡ್ರು. "ನಾ ಏನು ನಿನ್ನ ಕೈ ಬಿಡತೇನೇನು? ಹೊಸಾ ಚಿತ್ತಾರಕ್ಕ ನೀ ಬೇಕ ಬೇಕು. ಹಳೇ ಮಗ್ಗ ಇನ್ನೆರಡು ವರ್ಷ ನಡೀತಾವ. ಆಮ್ಯಾಲಿಂದು ಆಮ್ಯಾಲ ನೋಡೂಣು."

ಎರಡು ವರ್ಷ. ಅರವತ್ತು ಮಂದಿ ನೇಕಾರರಿಗೆ ಮುಹೂರ್ತ ಇಟ್ಟಂಗ ಇಟ್ಟುಬಿಟ್ರು. ಭರಮಪ್ಪಗ ಬೈಯಬೇಕು ಅನಿಸಿತು. ಇಪ್ಪತ್ತು ವರ್ಷ "ಹೂಂರಿ" ಅಂದ ನಾಲಿಗಿ ಹೊರಳಲಿಲ್ಲ. ಉಡದಾರದಿಂದ ಚಾವಿ ಬಿಚ್ಚಿ ಹೊಸ್ತಲದ ಮ್ಯಾಲ ಇಟ್ಟ, ಎದ್ದು ನಡದ.

ಸಂಜಿ ಇನ್ನೂ ಪೂರಾ ಆಗಿದ್ದಿಲ್ಲ. ಕಾಡವ್ವ ಬಾಗಲದಾಗ ಕುಂತು ಮೊರದಾಗ ಜ್ವಾಳ ಹಸನ ಮಾಡತಿದ್ಲು. ಭರಮಪ್ಪ ಎದುರಿಗೆ ನಿಂತ.

"ಶ್ರಾವಣದಾಗ ಕಟಕೋಳಕ್ಕ ಹೋಗಿದ್ದಿ. ತಂಗಿ ಬಾಣಂತನಾ ಅಂತ ಹೇಳಿ."

"ಹೋಗಿದ್ದೆ. ಅಲ್ಲೆ ನಾಕು ದಿನ," ಅಂದ್ಲು ಕಾಡವ್ವ, ಕೈ ನಿಲ್ಲಿಸದ. "ಉಳದ ಹದಿನೇಳು ದಿನ ಬೈಲಹೊಂಗಲದಾಗ."

ಅಂವ ಇಲ್ಲ ಅಂತಾಳ ಅಂತ ತಿಳದಿದ್ದ. ಇಲ್ಲ ಅಂದ್ರ ನಂಬಬೇಕಂತ ದಾರಿ ತುಂಬ ತಯಾರಾಗಿ ಬಂದಿದ್ದ.

"ಪಾವರ್‌ಲೂಮಿನ ಓಟಕ್ಕ ಎರಡೆಳಿ ದಾರ ತಾಳಲಿಲ್ಲಂತ. ಹರದು ಹರದು ಬೀಳತಿದ್ದವು. ಸಾವಕಾರ್ರು ಮಂದಿ ಕಳಿಸಿ ನನ್ನ ಕರಸಿದ್ರು. ನಿನಗ ಹೇಳಬ್ಯಾಡ ಅಂದ್ರು, ನಾ ಹೇಳಲಿಲ್ಲ. ಗಂಟು ನೋಡಿ ತಿಳದಿ, ಹೌದಲ್ಲ?"

"ಹೂಂ."

"ನನಗ ಬಲಗೈಲೆನೂ ಬರತೈತಿ. ಮುಚ್ಚಬೇಕಂದಿದ್ರ ಬಲಗೈಲೆ ಹಾಕತಿದ್ದೆ. ನೀ ಒಮ್ಮೆರೆ ನನ್ನ ಗಂಟು ನೋಡಲಿ ಅಂತನ ಎಡಗೈಲೆ ಹಾಕಿದೆ."

ಭರಮಪ್ಪ ಗ್ವಾಡಿ ಹಿಡಕೊಂಡ. "ಸಾವಕಾರ ಮಂದಿ. ಅವ್ರು ಕೈ ಕೊಡತಾರಂತ ಒಂದು ಮನಸ್ಸಿಗೆ ಗೊತ್ತಿತ್ತು. ನೀ ಯಾಕ?"

"ಅವತ್ತ ಎರಡು ಚಾವಿ ಮಾಡಿದ್ರಿ. ಅವ್ರದೊಂದು, ನಿಂದೊಂದು. ನಾ ಅಲ್ಲೇ ದಾರ ಸುತ್ತಿಕೋತ ಕುಂತಿದ್ದೆ. ಒಂಬತ್ತು ಸಾವಿರ ಪಟ್ಟಿ ಹೊಲದೇನಿ. ಇನ್ನೊಬ್ಬಾಕಿ ಅದಾಳಂತ ಅವ್ರಿಗಂತೂ ನೆನಪಾಗಲಿಲ್ಲ, ನಿನಗ ಆತೇನು?" ಕಾಡವ್ವ ಜ್ವಾಳದಾಗಿನ ಹಳ್ಳು ಆರಿಸಿ ಒಗದ್ಲು. "ಗುರುಬಸವ್ವ ಅವ್ವಾರು ನನ್ನ ಒಳಗ ಕರದ್ರು. ಪಡಸಾಲ್ಯಾಗ ಕುಂದ್ರಿಸಿದ್ರು. ಕಪ್ಪು-ಬಶ್ಯಾಗ ಚಾ ಕೊಟ್ರು, ಕುಡದ ಮ್ಯಾಲ ತಾವ ತೊಳದ್ರು. ಹದಿನೇಳು ದಿನಾನೂ."

"ಒಂದು ಕಪ್ಪು ಚಾಕ್ಕ ನನ್ನ ಮಾರಿದಿ."

"ನಿನಗ ಹೊರಗ ಕೊಟ್ರು, ನೀ ಕುಡದಿ. ನನಗ ಒಳಗ ಕೊಟ್ರು, ನಾ ಕುಡದೆ."

"ಅರವತ್ತು ಮನಿ ಒಲಿ ಆರತಾವ, ಕಾಡಿ."

ಆಗ ಆಕಿ ಕೈ ನಿಂತಿತು. "ಅದು ತಪ್ಪಾತು," ಅಂದ್ಲು. "ಎಂಟು ಮಗ್ಗ ಹಂಗ ಓಡೂದು ನೋಡಿದ ಮ್ಯಾಲ ತಿಳೀತು. ಅಷ್ಟೊತ್ತಿಗೆ ಹೊಲದು ಮುಗದಿತ್ತು. ಅದನ್ನ ನಾ ಯಾರ ಮುಂದೂ ಇಲ್ಲ ಅನ್ನೂದಿಲ್ಲ."

ಭರಮಪ್ಪಗ ಸಿಟ್ಟೂ ಬಂದಿತ್ತು, ಅಳೂ ಬರತಿತ್ತು. ಇವೆರಡರ ನಡುವ ನಾಚಿಗಿಗೇಡಿ ಇನ್ನೊಂದು ಮಾತು ಗಂಟಲಿಗೆ ಬಂದು ಕುಂತಿತ್ತು. ತನ್ನ ಚಿತ್ತಾರ ಅಷ್ಟು ಜೋರಿನ ಮಗ್ಗದ ಮ್ಯಾಲ ಹೆಂಗ ಇಳದಾವಂತ ಕೇಳೂ ಮಾತು. ಕೇಳಬಾರದು ಅಂದ್ರೂ ಕೇಳಿಬಿಟ್ಟ.

"ಹಂಸದ ಸೆರಗೂ ಓಡಿಸಿದ್ರೇನು?"

ಹಂಸದ ಸೆರಗು ಅಂವನ ಮೂವತ್ತೆಂಟು ಚಿತ್ತಾರದಾಗ ಒಂದು, ಅದರಾಗ ಒಂದು ಊನ ಇತ್ತು. ಕುತ್ತಿಗಿ ಬಾಗೂ ಜಾಗಾದಾಗ ಒಂದು ಎಳಿ ಒಡದು ಕಾಣತಿತ್ತು. ತಗೊಂಡವರಿಗೆ ಗೊತ್ತಾಗತಿದ್ದಿಲ್ಲ, ಭರಮಪ್ಪಗ ಗೊತ್ತಿತ್ತು. ಎಷ್ಟು ವರ್ಷ ಕಾಗದ ತಿರುವಿ ಹಾಕಿದ್ರೂ ತಪ್ಪು ಎಲ್ಲೈತಿ ಅಂತ ಸಿಕ್ಕಿದ್ದಿಲ್ಲ. ಮಗ್ಗದ ದೋಷ ಅಂತ ನೇಕಾರರ ಮ್ಯಾಲ ಹಾಕಿ ಬಿಟ್ಟಿದ್ದ.

"ಓಡಿಸಿದ್ರು. ಚಂದ ಬಂತು," ಅಂದ್ಲು ಕಾಡವ್ವ. "ನೂರಾ ಹನ್ನೆರಡನೇ ಪಟ್ಟ್ಯಾಗ ನೀ ಒಂದು ತೂತು ಹೆಚ್ಚಿಗಿ ಹೊಡದಿದ್ದಿ. ರಟ್ಟಿನ ಚೂರು ಅಂಟಿಸಿ ಮುಚ್ಚಿದೆ. ಈಗ ಕುತ್ತಿಗಿ ನೆಟ್ಟಗ ಬರತೈತಿ."

ಭರಮಪ್ಪ ಕೇಳಿದ, "ಎಂದ ತಿಳೀತು ನಿನಗ?"

"ಮೊದಲನೇ ಸಲ ಅದರ ಮಾಲಿ ಹೊಲದಾಗನ. ಹದಿನಾಕು ವರ್ಷ ಆತು."

"ಹೇಳಲಿಲ್ಲ?"

"ಹೇಳಿದ್ದೆ," ಅಂದ್ಲು ಕಾಡವ್ವ. "ನೀ ಉಳಿ ಬಡಿಯಾಕ ಹತ್ತಿದ್ದಿ."

ಆಕಿ ಮೊರ ಎತ್ತಿಕೊಂಡು ಒಳಗ ಹೋದ್ಲು. ಭರಮಪ್ಪ ಹೊರಗಿನ ಕಟ್ಟಿ ಮ್ಯಾಲ ಕುಂತ.